ಸಿಸೇರಿಯನ್ ಆದ್ಮೇಲೆ ನಾರ್ಮಲ್ ಡೆಲಿವರಿ: ನೂರು ವರ್ಷದಿಂದ ಅರ್ಧ ಮಾತಿನ ಮೇಲೆ ನಡೀತಿರೋ ಜಗಳ

ಮೊದಲ್ನೇ ಹೆರಿಗೆ ಸಿಸೇರಿಯನ್ ಆಗಿದೆ, ಈ ಸಲ ನಾರ್ಮಲ್ ಆಗುತ್ತಾ ಅಂತ ನಾಲ್ಕು ಜನ ಡಾಕ್ಟರ್‌ನ ಕೇಳಿ ನೋಡಿ. ಒಬ್ರು ರಿಸ್ಕ್ ಬೇಡವೇ ಬೇಡ ಅಂತಾರೆ, ಒಬ್ರು ನೋವು ತಾನಾಗೇ ಬಂದ್ರೆ ನೋಡೋಣ ಅಂತಾರೆ, ಇನ್ನೊಬ್ರು ಖಂಡಿತ ಟ್ರೈ ಮಾಡ್ಬೋದು ಅಂತಾರೆ, ನಾಲ್ಕನೆಯವರು ನಮ್ಮ ಆಸ್ಪತ್ರೆಯಲ್ಲಿ ಮಾಡಲ್ಲ ಅಂತ ಮುಗಿಸ್ತಾರೆ. ಎರಡು ಸಿಸೇರಿಯನ್ ಆಗಿದ್ರಂತೂ ಪ್ರಶ್ನೆ ಪೂರ್ತಿ ಕೇಳೋದಕ್ಕೂ ಬಿಡಲ್ಲ. ಅವರ್ಯಾರೂ ಸುಳ್ಳು ಹೇಳ್ತಿಲ್ಲ. ನಾಲ್ಕೂ ಉತ್ತರ ಒಂದೊಂದು ಕಾಲದಲ್ಲಿ ಚಾಲ್ತಿಯಲ್ಲಿದ್ದಿದ್ದೇ, ಯಾರು ಯಾವ ಕಾಲದಲ್ಲಿ ಕಲಿತ್ರು, ಏನು ನೋಡಿ ಹೆದರಿದ್ರು ಅನ್ನೋದರ ಮೇಲೆ ಮಾತು ಬದಲಾಗುತ್ತೆ ಅಷ್ಟೇ.

ಶುರುವಿಂದ ಹೇಳ್ತೀನಿ. 1882ರಲ್ಲಿ ಮ್ಯಾಕ್ಸ್ ಸ್ಯಾಂಗರ್ ಅನ್ನೋ ಜರ್ಮನ್ ಡಾಕ್ಟರ್ ಗರ್ಭಕೋಶಕ್ಕೂ ಸರಿಯಾಗಿ ಹೊಲಿಗೆ ಹಾಕ್ಬೇಕು ಅಂತ ತೋರಿಸೋವರೆಗೂ ಸಿಸೇರಿಯನ್ ಆದ ಹೆಂಗಸು ಬದುಕಿ ಮತ್ತೆ ಬಸುರಿ ಆಗೋದೇ ಅಪರೂಪ, ಹಾಗಾಗಿ ಮುಂದಿನ ಹೆರಿಗೆ ಹೇಗೆ ಅನ್ನೋ ಪ್ರಶ್ನೇನೇ ಇರ್ಲಿಲ್ಲ. ಹೊಲಿಗೆ ಬಂತು, ತಾಯಂದಿರು ಉಳ್ಕೊಂಡ್ರು, ಪ್ರಶ್ನೇನೂ ಜೊತೆಗೇ ಹುಟ್ಟಿತು.

1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಅನ್ನೋ ಡಾಕ್ಟರ್ ಒಂದು ಭಾಷಣದಲ್ಲಿ ಒಂದ್ಸಲ ಸಿಸೇರಿಯನ್ ಆದ್ರೆ ಯಾವಾಗ್ಲೂ ಸಿಸೇರಿಯನ್ನೇ ಅನ್ನೋ ಅರ್ಥದ ಮಾತು ಹೇಳಿದ್ರು. ಇವತ್ತಿಗೂ ಆ ಮಾತು ಓಡ್ತಾನೇ ಇದೆ. ಆದ್ರೆ ಅವರು ಹೇಳ್ತಿದ್ದಿದ್ದು ಮೊದಲ್ನೇ ಸಿಸೇರಿಯನ್ ಬಗ್ಗೆ. ಕೊಯ್ದ ಮೇಲೆ ಮುಂದಿನದಕ್ಕೂ ಕೊಯ್ಯಬೇಕಾಗಬಹುದು, ಅದಕ್ಕೇ ಸುಮ್‌ಸುಮ್ನೆ ಮೊದಲ್ನೇದನ್ನ ಮಾಡ್ಬೇಡಿ ಅಂತ. ಇದಕ್ಕೆ ಅಪವಾದಗಳು ಬೇಕಾದಷ್ಟಿವೆ, ನನ್ನದೇ ಪೇಷೆಂಟ್ ಒಬ್ಬರಿಗೆ ಸಿಸೇರಿಯನ್ ಆದ್ಮೇಲೆ ಮೂರು ಮಕ್ಕಳು ಸಹಜವಾಗೇ ಹುಟ್ಟಿವೆ ಅಂತಾನೂ ಅಲ್ಲೇ ಸೇರಿಸಿದ್ರು. ಆ ಎಚ್ಚರಿಕೆಯೂ ಹೋಯ್ತು, ಅಪವಾದವೂ ಹೋಯ್ತು, ನಡುವಿನ ಒಂದು ಸಾಲು ಮಾತ್ರ ನಿಯಮ ಆಗಿ ಕೂತ್ಕೊಂಡಿತು.

ಇನ್ನೊಂದು ವಿಷಯ, ಆಗ ಗರ್ಭಕೋಶವನ್ನ ಮೇಲಿಂದ ಕೆಳಕ್ಕೆ ಉದ್ದಕ್ಕೆ ಕೊಯ್ತಿದ್ರು. ಅದು ಗರ್ಭಕೋಶದ ಮೇಲ್ಭಾಗ, ಹೆರಿಗೆ ನೋವಲ್ಲಿ ಜೋರಾಗಿ ಹಿಂಡೋದು ಅದೇ ಜಾಗ, ಹಳೇ ಗಾಯ ಬಿಚ್ಕೊಳ್ಳೋ ಭಯ ನಿಜವಾಗ್ಲೂ ದೊಡ್ಡದು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಅನ್ನೋ ಡಾಕ್ಟರ್ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯೋದನ್ನ ಪ್ರಚಾರಕ್ಕೆ ತಂದ್ರು. ಅಲ್ಲಿ ಗೋಡೆ ತೆಳು, ಅಷ್ಟು ಹಿಂಡಲ್ಲ, ಗಾಯ ಚೆನ್ನಾಗಿ ಕೂಡ್ಕೊಳ್ಳುತ್ತೆ. ಬರ್ತಾ ಬರ್ತಾ ಎಲ್ಲ ಕಡೆ ಅದೇ ರೂಢಿ ಆಯ್ತು. ಯುರೋಪಿನ ಎಷ್ಟೋ ಕಡೆ ಸಿಸೇರಿಯನ್ ಆದವರಿಗೂ ನಾರ್ಮಲ್‌ಗೆ ಬಿಡ್ತಿದ್ರು. ಅಮೆರಿಕದಲ್ಲಿ ಮಾತ್ರ ಕೊಯ್ಯೋ ರೀತಿ ಬದಲಾದ್ರೂ ನಿಯಮ ಬದಲಾಗ್ಲಿಲ್ಲ.

ಅದು ತೊಂದರೆ ಅಂತ ಗೊತ್ತಾಗಿದ್ದು ಲೆಕ್ಕ ಏರಿದಾಗ. 1970ರಲ್ಲಿ ಅಮೆರಿಕದಲ್ಲಿ 100 ಹೆರಿಗೆಗೆ ಐದೂವರೆ ಸಿಸೇರಿಯನ್, 1980ಕ್ಕೆ ಹದಿನಾರೂವರೆ. ಹತ್ತೇ ವರ್ಷದಲ್ಲಿ ಮೂರು ಪಟ್ಟು. ಅದರಲ್ಲಿ ದೊಡ್ಡ ಪಾಲು ಮೊದಲು ಸಿಸೇರಿಯನ್ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಮತ್ತೆ ಮಾಡಿದ್ದು. 1980ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನ ಕೂರಿಸಿ ಕೇಳ್ತು, ಅಡ್ಡ ಕೊಯ್ತ ಇದ್ದೋರಿಗೆ ನಾರ್ಮಲ್ ಪ್ರಯತ್ನ ಮಾಡ್ಬೋದು ಅಂತ ಅವರು ಹೇಳಿದ್ರು. ಸಿಸೇರಿಯನ್ ನಂತರದ ನಾರ್ಮಲ್ ಹೆರಿಗೆಗೆ ವಿಬ್ಯಾಕ್ ಅನ್ನೋ ಚುಟುಕು ಹೆಸರು ಕೊಟ್ಟಿದ್ದು ಹೆಂಗಸರೇ, ಅದನ್ನ ಬೇಡಿಕೆ ಮಾಡಿದ್ದೂ ಮೊದ್ಲು ಅವರೇ. 1988ಕ್ಕೆ ಅಮೆರಿಕದ ಹೆರಿಗೆ ತಜ್ಞರ ಸಂಘಾನೂ ಪ್ರೋತ್ಸಾಹ ಕೊಡಿ ಅಂತು.

ಇಲ್ಲಿಂದ ಮುಂದಿನ ಹದಿನೈದು ವರ್ಷವೇ ಇಡೀ ಕಥೆಯ ಗಂಟು, ಸ್ವಲ್ಪ ನಿಧಾನಕ್ಕೆ ಓದಿ. 1985ರಲ್ಲಿ ಹಿಂದೆ ಸಿಸೇರಿಯನ್ ಆದ 100 ಜನರಲ್ಲಿ ಆರೇಳು ಜನಕ್ಕೆ ನಾರ್ಮಲ್ ಆಗ್ತಿತ್ತು, 1996ಕ್ಕೆ ಅದು 28 ದಾಟ್ತು. ಒಳ್ಳೇದೇ ಅಲ್ವಾ ಅನ್ಸುತ್ತೆ. ಆದ್ರೆ ಮಾಡ್ಬೋದು ಅನ್ನೋದು ಮಾಡ್ಲೇಬೇಕು ಆಗೋಕೆ ಜಾಸ್ತಿ ದಿನ ಹಿಡೀಲಿಲ್ಲ. ನಾರ್ಮಲ್ ಹೆರಿಗೆಗೆ ಖರ್ಚು ಕಡಿಮೆ, ಹಾಗಾಗಿ ಕೆಲವು ಇನ್ಶೂರೆನ್ಸ್ ಯೋಜನೆಗಳು ಮೊದ್ಲು ಪ್ರಯತ್ನ ಮಾಡ್ಲೇಬೇಕು ಅಂತ ಪಟ್ಟು ಹಿಡಿದ್ವು. ಯಾರಿಗೆ ಸೂಕ್ತ ಯಾರಿಗಲ್ಲ ಅನ್ನೋ ಜರಡಿ ಸಡಿಲ ಆಯ್ತು. ಮೇಲಿಂದ ನೋವು ಬರ್ಸೋಕೆ ಔಷಧಿ, ಅದರಲ್ಲೂ ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆ, ಹಳೇ ಗಾಯ ಇದ್ದೋರಿಗೂ ಬಳಕೆಗೆ ಬಂತು. ಗರ್ಭಕೋಶದ ಗಾಯ ಬಿಚ್ಕೊಂಡ ಪ್ರಕರಣಗಳು ಕಾಣಿಸ್ಕೊಳ್ಳೋಕೆ ಶುರುವಾದ್ವು, ಕೋರ್ಟಿಗೂ ಹೋದ್ವು.

1996ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಆರು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನ ಬಂತು, ನಾರ್ಮಲ್‌ಗೆ ಪ್ರಯತ್ನ ಮಾಡಿದವರಲ್ಲಿ ದೊಡ್ಡ ತೊಂದರೆ 1.6%, ನೇರವಾಗಿ ಸಿಸೇರಿಯನ್‌ಗೆ ಹೋದವರಲ್ಲಿ 0.8%. ಇದರಲ್ಲೊಂದು ಸೂಕ್ಷ್ಮ ಇದೆ, ತೊಂದರೆ ಜಾಸ್ತಿ ಆಗಿದ್ದು ಪ್ರಯತ್ನ ಮಾಡಿ ಕೊನೆಗೆ ಸಿಸೇರಿಯನ್ ಆದವರಿಗೆ, ನಾರ್ಮಲ್ ಆದವರಿಗಲ್ಲ. ಇವತ್ತಿಗೂ ಈ ಲೆಕ್ಕ ಹೀಗೇ ಇದೆ, ಪ್ರಯತ್ನ ಗೆದ್ರೆ ಅದಕ್ಕಿಂತ ಒಳ್ಳೇದಿಲ್ಲ, ಅರ್ಧಕ್ಕೆ ನಿಂತು ಅರ್ಜೆಂಟಾಗಿ ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋದ್ರೆ ಅದಕ್ಕಿಂತ ಮೊದಲೇ ದಿನ ಗೊತ್ತು ಮಾಡ್ಕೊಂಡು ಮಾಡಿಸ್ಕೊಂಡಿದ್ರೇ ಚೆನ್ನಾಗಿತ್ತು ಅನ್ನೋ ಹಾಗಾಗುತ್ತೆ.

2001ರಲ್ಲಿ ವಾಷಿಂಗ್ಟನ್ ರಾಜ್ಯದ ಇಪ್ಪತ್ತು ಸಾವಿರ ಹೆಂಗಸರ ಲೆಕ್ಕ ಬಂತು. ಗರ್ಭಕೋಶ ಹರಿಯೋದು, ನೋವೇ ಬರೋಕೆ ಬಿಡದೆ ಸಿಸೇರಿಯನ್ ಮಾಡಿದ್ರೆ 1000ಕ್ಕೆ 1.6, ನೋವು ತಾನಾಗೇ ಬಂದ್ರೆ 5.2, ಪ್ರೊಸ್ಟಾಗ್ಲಾಂಡಿನ್ ಜಾತಿಯ ಔಷಧಿ ಇಟ್ಟು ನೋವು ಬರ್ಸಿದ್ರೆ 24.5. ನಂಗೆ ಇದರಲ್ಲಿ ಕಾಣೋದು ನೋವು ತಾನಾಗೇ ಬರೋದಕ್ಕೂ ಬಲವಂತವಾಗಿ ಬರ್ಸೋದಕ್ಕೂ ಇರೋ ಅಂತರ. ಆದ್ರೆ ಸುದ್ದಿ ಆಗಿದ್ದು ವಿಬ್ಯಾಕ್ ಅಪಾಯ ಅಂತ.

ಇದರ ನಡುವೆ 1999ರಲ್ಲಿ ಒಂದು ಪದ ಬದಲಾಯ್ತು. ತುರ್ತು ಸಿಸೇರಿಯನ್ ಮಾಡೋ ತಂಡ ಬೇಗ ಸಿಗೋ ಹಾಗಿರಬೇಕು ಅಂತಿದ್ದ ತಜ್ಞರ ಸಂಘದ ಮಾತು ತಕ್ಷಣ ಸಿಗೋ ಹಾಗಿರಬೇಕು ಅಂತ ಆಯ್ತು. ಓದೋಕೆ ಏನೂ ಅನ್ಸಲ್ಲ. ಸಣ್ಣ ಆಸ್ಪತ್ರೆಗೆ ಅದರ ಅರ್ಥ, ಒಬ್ಬ ಹೆಂಗಸಿಗೆ ನೋವು ನಡೀತಿರೋ ಅಷ್ಟೂ ಹೊತ್ತು ಸರ್ಜನ್ನು, ಅನಸ್ತೇಷಿಯಾ ಡಾಕ್ಟ್ರು, ಓಟಿ ಎಲ್ಲ ಅಲ್ಲೇ ಕಾಯ್ಕೊಂಡಿರ್ಬೇಕು, ರಾತ್ರಿ ಎರಡು ಗಂಟೆ ಆದ್ರೂ. ಆಗಲ್ಲ ಅಂತ ಒಂದೊಂದೇ ಆಸ್ಪತ್ರೆ ಕೈ ಎತ್ತಿಬಿಡ್ತು. 28% ಇದ್ದ ವಿಬ್ಯಾಕ್ 2006ಕ್ಕೆ ಸುಮಾರು 8.5%. ಹತ್ತು ವರ್ಷದಲ್ಲಿ ಹೆಂಗಸರ ಗರ್ಭಕೋಶವೇನೂ ಬದಲಾಗಿರ್ಲಿಲ್ಲ.

2004ರಲ್ಲಿ ದೊಡ್ಡ ದೊಡ್ಡ ಬೋಧನಾ ಆಸ್ಪತ್ರೆಗಳ ಒಂದು ಅಧ್ಯಯನ ಬಂತು, ನಾರ್ಮಲ್‌ಗೆ ಪ್ರಯತ್ನ ಮಾಡಿದ ಸುಮಾರು 17,900 ಹೆಂಗಸರಲ್ಲಿ ಗರ್ಭಕೋಶ ಹರಿದಿದ್ದು 0.7%. ಅಷ್ಟು ಹೊತ್ತಿಗೆ ಬಾಗಿಲು ಹಾಕಾಗಿತ್ತು.

2010ರಲ್ಲಿ ಮತ್ತೆ ತಜ್ಞರು ಕೂತ್ರು. ಪ್ರಯತ್ನ ಮಾಡಿದವರಲ್ಲಿ ತಾಯಿ ಸಾಯೋದು 1,00,000ಕ್ಕೆ 3.8, ಮತ್ತೆ ಸಿಸೇರಿಯನ್ ಮಾಡಿಸ್ಕೊಂಡವರಲ್ಲಿ 13.4. ಮಗುವಿನ ಲೆಕ್ಕ ಉಲ್ಟಾ, ಹೆರಿಗೆ ಆಸುಪಾಸಿನಲ್ಲಿ ಹೋಗೋ ಮಕ್ಕಳು ಪ್ರಯತ್ನದಲ್ಲಿ 1000ಕ್ಕೆ 1.3, ಸಿಸೇರಿಯನ್‌ನಲ್ಲಿ 0.5. ಎರಡೂ ಕಡೆ ಸಂಖ್ಯೆ ಚಿಕ್ಕದೇ, ಆದ್ರೆ ತಾಯಿಗೆ ಒಳ್ಳೇದು ಒಂದು, ಮಗುವಿಗೆ ಒಳ್ಳೇದು ಇನ್ನೊಂದು ಅನ್ನೋ ಥರ ಕಾಣುತ್ತಲ್ಲ, ಜಗಳ ಬಗೆಹರಿಯದೇ ಇರೋದು ಅದಕ್ಕೇ. ಮನೆಯವರು ಮಗು ಕಡೆ ಲೆಕ್ಕ ಒಂದನ್ನೇ ನೋಡ್ತಾರೆ, ಅದು ಸಹಜ, ಬಸುರಿ ಹೆಂಗಸೂ ಅದನ್ನೇ ನೋಡ್ತಾಳೆ. ಮೂರನೇದು ನಾಲ್ಕನೇದು ಮಗು ಬೇಕು ಅನ್ನೋರಿಗೆ ಮಾತ್ರ ಇನ್ನೊಂದು ಲೆಕ್ಕ ಇದೆ, ಪ್ರತಿ ಸಿಸೇರಿಯನ್‌ಗೂ ಮಾಸು (ಪ್ಲಾಸೆಂಟಾ) ಹಳೇ ಗಾಯದೊಳಗೆ ಬೇರೂರಿ ಬಿಡಿಸೋಕಾಗದೆ ರಕ್ತ ಹೋಗೋ ಅಪಾಯ ಏರುತ್ತೆ, ಮಾಸು ಗರ್ಭಕೋಶದ ಬಾಯಿಗೇ ಕೂತಿದ್ರೆ ಮೂರನೇ ಸಿಸೇರಿಯನ್ ಹೊತ್ತಿಗೆ ಸುಮಾರು 40%. ಈ ಮಾತನ್ನ ಎರಡನೇ ಸಿಸೇರಿಯನ್‌ಗೆ ಸೈನ್ ಹಾಕಿಸ್ಕೊಳ್ಳೋವಾಗಲೇ ಹೇಳ್ಬೇಕಾಗಿತ್ತು.

ಎರಡು ಸಿಸೇರಿಯನ್ ಆದವರ ವಿಷಯ. 2010ರಿಂದ ಅಮೆರಿಕದ ಸಂಘ ಎರಡು ಅಡ್ಡ ಕೊಯ್ತ ಇದ್ದೋರಿಗೂ ಪ್ರಯತ್ನ ಮಾಡ್ಬೋದು ಅಂತಿದೆ. ಹಲವು ಅಧ್ಯಯನ ಸೇರಿಸಿ ನೋಡಿದಾಗ ಅವರಲ್ಲಿ ನಾರ್ಮಲ್ ಆಗಿದ್ದು 71% ಆಸುಪಾಸು, ಗರ್ಭಕೋಶ ಹರಿದಿದ್ದು 1.36%. ಒಂದೇ ಆಗಿರೋರಿಗೆ ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ 72ರಿಂದ 75%, ಹರಿಯೋದು 200ಕ್ಕೆ ಒಂದು. ಅಂದ್ರೆ ಗೆಲ್ಲೋ ಸಾಧ್ಯತೆ ಹೆಚ್ಚುಕಮ್ಮಿ ಅಷ್ಟೇ, ಅಪಾಯ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹಿಂದೆ ಒಂದ್ಸಲ ನಾರ್ಮಲ್ ಆಗಿದ್ರೆ ಗೆಲ್ಲೋದು 85ರಿಂದ 90%. ಉದ್ದ ಕೊಯ್ತ ಇದ್ರೆ, ಹಿಂದೆ ಗರ್ಭಕೋಶ ಹರಿದಿದ್ರೆ, ಯಾರೂ ಸಲಹೆ ಮಾಡಲ್ಲ, ಮಾಡಬಾರದು ಕೂಡ.

ಇದಕ್ಕೆ ಕ್ಯಾಲ್ಕುಲೇಟರ್ ಒಂದಿದೆ, ವಯಸ್ಸು ತೂಕ ಎಲ್ಲ ಹಾಕಿದ್ರೆ ನಾರ್ಮಲ್ ಆಗೋ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ಹೇಳುತ್ತೆ. 2007ರ ಮೊದಲ್ನೇ ಆವೃತ್ತಿಯಲ್ಲಿ ಕಪ್ಪು ಜನ ಅಂತ ಹಾಕಿದ್ರೆ ಪರ್ಸೆಂಟ್ ತಾನಾಗೇ ಇಳೀತಿತ್ತು, ಅದನ್ನ ತೆಗೆದಿದ್ದು 2021ರಲ್ಲಿ, ಅಲ್ಲೀತನಕ ಎಷ್ಟು ಜನಕ್ಕೆ ನಿಮಗಾಗಲ್ಲ ಅಂದಿರ್ಬೋದು ಯೋಚ್ನೆ ಮಾಡಿ. 2018ರಲ್ಲಿ ಅಮೆರಿಕದ ವಿಬ್ಯಾಕ್ ಲೆಕ್ಕ 13.3%, ನಿಧಾನಕ್ಕೆ ಏರ್ತಿತ್ತು.

ಇಷ್ಟೆಲ್ಲ ಅಧ್ಯಯನ ಆಗಿದ್ರೂ ಎಲ್ಲಾದಕ್ಕಿಂತ ಮೊದ್ಲು ಬೇಕಾಗಿರೋದು ಹಿಂದಿನ ಆಪರೇಷನ್ ನೋಟ್ಸ್. ಡಿಸ್ಚಾರ್ಜ್ ಕೊಡೋವಾಗ ಸಿಗೋ ಒಂದು ಪುಟದ ಚೀಟಿಯಲ್ಲಿ ಬರೀ ಸಿಸೇರಿಯನ್ ಆಯ್ತು, ಗಂಡು ಮಗು, ಇಷ್ಟು ತೂಕ ಅಂತಷ್ಟೇ ಇದ್ರೆ ಸಾಲಲ್ಲ. ಹೊಟ್ಟೆ ಚರ್ಮದ ಮೇಲೆ ಗೆರೆ ಅಡ್ಡ ಇದೆ ಅಂತ ಒಳಗೂ ಅಡ್ಡನೇ ಕೊಯ್ದಿದ್ದಾರೆ ಅಂತ ಹೇಳೋಕಾಗಲ್ಲ, ತಿಂಗಳು ತುಂಬದ ಮಗು ತೆಗೆಯೋವಾಗ ಕೆಲವೊಮ್ಮೆ ಹೊರಗೆ ಅಡ್ಡ, ಒಳಗೆ ಉದ್ದ ಇರುತ್ತೆ. ಎಲ್ಲಿ ಕೊಯ್ದ್ರು, ಯಾಕೆ ಕೊಯ್ದ್ರು ಅನ್ನೋ ಆ ಎರಡು ಸಾಲು ಬರ್ಕೊಡಿ ಅಂತ ಆಸ್ಪತ್ರೆ ಬಿಡೋ ದಿನವೇ ಕೇಳಿ ಇಸ್ಕೊಂಡು ಬನ್ನಿ, ಐದು ವರ್ಷ ಬಿಟ್ಟು ಹೋದ್ರೆ ಫೈಲ್ ಸಿಗುತ್ತೋ ಇಲ್ವೋ.