ಮಹಾವೃತ್ತ: ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಹುಡುಕಿದರೆ ಸುಮಾರು 14,000 ಕಿ.ಮೀ. ಅಂತ ಬರುತ್ತದೆ. ಇದು ಮಹಾವೃತ್ತದ ಲೆಕ್ಕ. ಭೂಮಿಯನ್ನು ಸರಿಸಮನಾಗಿ ಎರಡು ಹೋಳು ಮಾಡುವ ಯಾವುದೇ ವೃತ್ತ ಮಹಾವೃತ್ತ. ಸಮಭಾಜಕ ವೃತ್ತವೂ ಅಂಥದ್ದೇ. ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಈ ವೃತ್ತದ ಒಂದು ತುಂಡು.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಎರಡೂ ಊರುಗಳ ಮೇಲೆ ತುದಿ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿದವರಿಗೆ ದಾರ ಪೆಸಿಫಿಕ್ ಸಾಗರದ ನಡುವೆ ಹೋಗಬೇಕು ಅನಿಸುತ್ತದೆ, ಅಲ್ವಾ? ಅದು ಹಾಗೆ ಹೋಗುವುದಿಲ್ಲ. ಹಿಮಾಲಯ ದಾಟಿ, ಸೈಬೀರಿಯಾದವರೆಗೆ ಮೇಲೇರಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಒಂದು ಸಲ ಕೈಯಾರೆ ಮಾಡಿ ನೋಡಿದರೆ ಮಹಾವೃತ್ತ ಅನ್ನುವ ಪದ ಮತ್ತೆ ಮರೆಯುವುದಿಲ್ಲ.

ವಿಮಾನ ಮಾತ್ರ ದಾರ ಹಿಡಿದೇ ಹೋಗುವುದಿಲ್ಲ. ಟಿಬೆಟ್ ಮೇಲೆ ತೊಂದರೆಯಾದರೆ ಕೆಳಕ್ಕಿಳಿಯಲು ಜಾಗವೇ ಇಲ್ಲ, ನೆಲವೇ ಅಷ್ಟು ಎತ್ತರ. ಎಲ್ಲಕ್ಕಿಂತ ದೊಡ್ಡ ಮಾತು ಗಾಳಿಯದು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಗೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಹೋಯಿತು. ಸುಮಾರು 1,400 ಕಿ.ಮೀ. ಜಾಸ್ತಿ ಹಾರಿತು, ಆದರೂ ಹೆಚ್ಚುಕಮ್ಮಿ ಎರಡು ಗಂಟೆ ಬೇಗ ಮುಟ್ಟಿತು. ಬೆನ್ನ ಹಿಂದಿನ ಗಾಳಿ ಅದನ್ನು ತಳ್ಳಿತು. ದೂರ ನೋಡಿ ಹೊತ್ತು ಹೇಳಲಾಗದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಮ್ಮೂರಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಜೊತೆಗಾರ್ತಿಯರು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು 11ರ ನಸುಕಿಗೆ ಬೆಂಗಳೂರಲ್ಲಿ ಇಳಿಸಿದರು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರೇ. ಅದನ್ನು ನೆನೆದರೆ ಈಗಲೂ ಹೆಮ್ಮೆ ಆಗುತ್ತದೆ. ಎರಡು ರಾತ್ರಿ ಕಳೆದಂತೆ ಕಂಡರೂ ಹಾರಿದ್ದು ಸುಮಾರು 17 ಗಂಟೆ.

ಟಿಕೆಟ್ ಓದುವಾಗ ಜನ ಎಡವುವುದು ಇಲ್ಲೇ. ಅದರಲ್ಲಿ ಹೊರಡುವ, ಮುಟ್ಟುವ ಸಮಯ ಎರಡೂ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ. ಮಗಳು ಜನವರಿಯ ಒಂದು ಸೋಮವಾರ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟಳು ಅನ್ನಿ. 17 ಗಂಟೆ ಹಾರಿ ಅದೇ ಸೋಮವಾರ ಸಂಜೆ ಐದೂವರೆಗೆ ಅಲ್ಲಿ ಇಳಿಯುತ್ತಾಳೆ. ಟಿಕೆಟ್ ನೋಡಿದರೆ ಮೂರೂವರೆ ಗಂಟೆಯ ಪ್ರಯಾಣ. "ಅಮ್ಮಾ, ಇಳಿದೆ" ಅಂತ ಅವಳ ಫೋನ್ ಬರುವಾಗ ಇಲ್ಲಿ ಮಂಗಳವಾರ ಬೆಳಗ್ಗೆ ಏಳು, ಕಾಫಿ ಹೊತ್ತು. ರಾತ್ರಿಯಿಡೀ ಸುಮ್ನೆ ಫೋನ್ ಹಿಡಿದು ಕೂರಬೇಡಿ.