ಜೇಬಿನಿಂದ ಕಟ್ಟಿದ ತಂಡ: ದಕ್ಷಿಣ ಸುಡಾನ್ ಬ್ಯಾಸ್ಕೆಟ್‌ಬಾಲಿನ ನಲವತ್ತು ವರ್ಷ

2024ರ ಜುಲೈ 20ರಂದು ಲಂಡನ್ನಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಸೋಲಿನ ಬಾಯಿಗೆ ಹೋಗಿ ಬಂತು. ಎದುರಿಗೆ ಇದ್ದದ್ದು ದಕ್ಷಿಣ ಸುಡಾನ್. ಅರ್ಧ ಆಟ ಮುಗಿದಾಗ ಆ ಹುಡುಗರು 58–44ರಲ್ಲಿ ಮುಂದಿದ್ದರು. ಎಂಟು ಸೆಕೆಂಡ್ ಉಳಿದಿರುವಾಗ ಲೆಬ್ರಾನ್ ಜೇಮ್ಸ್ ಚೆಂಡನ್ನು ಬುಟ್ಟಿಗೆ ಹಾಕಿದರು. 101–100. ಒಂದೇ ಒಂದು ಅಂಕದಲ್ಲಿ ಅಮೆರಿಕ ಗೆದ್ದಿತು.

ಅದಾಗಿ ಎಂಟು ದಿನ. ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗಿತ್ತು. ಇದೇ ತಂಡ ಮೊದಲ ಪಂದ್ಯಕ್ಕೆ ಸಾಲಾಗಿ ನಿಂತಿದೆ. ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು, ಆದರೆ ಅದು ಅವರದ್ದಲ್ಲ. ಸುಡಾನಿನದ್ದು. ಯಾವ ದೇಶದಿಂದ ಬೇರೆಯಾಗಲು ಇವರ ಅಪ್ಪಂದಿರು ದಶಕಗಟ್ಟಲೆ ಹೋರಾಡಿದ್ದರೋ ಆ ದೇಶದ ಗೀತೆ. ಜನ ಗಲಾಟೆ ಮಾಡಿದರು. ಹುಡುಗರು ಎದೆ ಮೇಲೆ ಕೈಯಿಟ್ಟು ಸುಮ್ಮನೆ ನಿಂತು ಕಾದರು. ಕೆಲವು ನಿಮಿಷದ ಮೇಲೆ ಸರಿಯಾದ ಗೀತೆ ಬಂತು. ಆಮೇಲೆ ಪೋರ್ಟೊ ರಿಕೊವನ್ನು 90–79ರಲ್ಲಿ ಸೋಲಿಸಿದರು.

ಆ ದಿನಗಳಲ್ಲಿ ನನ್ನ ಗೆಳೆಯರು ಕೇಳಿದ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಸುಡಾನ್ ಬೇರೆ, ದಕ್ಷಿಣ ಸುಡಾನ್ ಬೇರೆನಾ? ಆಟಗಾರರೆಲ್ಲ ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬೆಳೆದವರಂತಲ್ಲ, ಇದು ಯಾರ ತಂಡ? ಒಬ್ಬ ಹಳೇ ಆಟಗಾರ ತನ್ನ ದುಡ್ಡಿನಲ್ಲಿ ಇಡೀ ತಂಡ ನಡೆಸುತ್ತಾನಂತೆ, ಹೌದಾ? ಮೂರಕ್ಕೂ ಉತ್ತರ ಹೌದು, ಇಲ್ಲ ಎಂದು ಮುಗಿಸುವಂಥದ್ದಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಡಾನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2023ರ ಏಪ್ರಿಲ್. ಅಲ್ಲಿ ಯುದ್ಧ ಶುರುವಾಗಿ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ನಮ್ಮವರನ್ನು ಕರೆತಂದದ್ದು ಆ ಸುಡಾನಿನಿಂದ. ದಕ್ಷಿಣ ಸುಡಾನ್ ಅದರ ಕೆಳಗಿದೆ. ಎರಡೂ ಒಂದೇ ದೇಶವಾಗಿದ್ದವು. ಬ್ರಿಟಿಷರು ಹೋಗುವ ಹೊತ್ತಿಗೇ ಉತ್ತರ–ದಕ್ಷಿಣದ ಜಗಳ ಹತ್ತಿಕೊಂಡಿತು, 1972ರಲ್ಲಿ ನಿಂತಿತು, 1983ರಲ್ಲಿ ಮತ್ತೆ ಶುರುವಾಗಿ 2005ರವರೆಗೂ ಉರಿಯಿತು. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು.

ಆ ಎರಡನೇ ಯುದ್ಧ ಶುರುವಾದ ವರ್ಷವೇ ಮನೂಟ್ ಬೋಲ್ ಎಂಬ ಯುವಕ ಅಮೆರಿಕಕ್ಕೆ ಬಂದಿಳಿದರು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಮುಂದಿನದೆಲ್ಲ ಈ ಮನುಷ್ಯನಿಂದಲೇ ಬಂದದ್ದು ಎಂದು ನನಗೆ ಅನ್ನಿಸುತ್ತದೆ.

ಮನೂಟ್ ಡಿಂಕಾ ಸಮುದಾಯದವರು. ದನ ಮೇಯಿಸಿ ಬದುಕುವ ಜನ. ಡಿಂಕಾಗಳಲ್ಲಿ ಎತ್ತರದವರು ಜಾಸ್ತಿ, ಆದರೆ ಇವರು ಎಲ್ಲರನ್ನೂ ಮೀರಿಸಿದರು: 2.31 ಮೀಟರ್, ಅಂದರೆ ಏಳಡಿ ಏಳಂಗುಲ. ಬಾಲ್ಯ ದನಗಳ ಹಿಂದೆ ಕಳೆಯಿತು. ಮೊದಲ ಸಲ ಡಂಕ್ ಮಾಡಲು, ಅಂದರೆ ಚೆಂಡನ್ನು ಕೈಯಿಂದಲೇ ಬುಟ್ಟಿಯೊಳಗೆ ಬಡಿಯಲು ಹೋದಾಗ ಹಲ್ಲು ಬುಟ್ಟಿಗೆ ತಗುಲಿ ಮುರಿಯಿತು. ವಾವ್ ಪಟ್ಟಣದಲ್ಲಿ, ಆಮೇಲೆ ಸುಡಾನಿನ ರಾಜಧಾನಿ ಖಾರ್ತೂಮಿನಲ್ಲಿ ಆಡಿದರು. ಅಮೆರಿಕದ ಒಬ್ಬ ಕೋಚ್ ಅಲ್ಲಿ ನೋಡಿ ಕರೆದುಕೊಂಡು ಬಂದರು.

1985ರಲ್ಲಿ ವಾಷಿಂಗ್ಟನ್ ಬುಲೆಟ್ಸ್ ತಂಡ ಅವರನ್ನು ಡ್ರಾಫ್ಟಿನಲ್ಲಿ ಆರಿಸಿಕೊಂಡಿತು. ಡ್ರಾಫ್ಟ್ ಎಂದರೆ ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಅಲ್ಲಿ ದುಡ್ಡು ಕೂಗುವುದಿಲ್ಲ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುತ್ತಾ ಹೋಗುತ್ತವೆ. ಮೊದಲ ವರ್ಷವೇ ಮನೂಟ್ ಎದುರಾಳಿಗಳ 397 ಎಸೆತಗಳನ್ನು ತಡೆದರು. ಪಂದ್ಯಕ್ಕೆ ಸರಾಸರಿ ಐದು ಬ್ಲಾಕ್. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಅವರು ಹತ್ತು ಸೀಸನ್ ಆಡಿದರು. ಒಟ್ಟು ಬ್ಲಾಕ್ 2,086, ಗಳಿಸಿದ ಅಂಕ 1,599. ಹೊಡೆದದ್ದಕ್ಕಿಂತ ತಡೆದದ್ದೇ ಜಾಸ್ತಿ. ಅವರ ಲೆಕ್ಕದ ಪುಸ್ತಕದಂಥದ್ದು ಇನ್ನೊಬ್ಬರದ್ದಿಲ್ಲ.

ಹಣ ಬಂತು. ಬಂದಷ್ಟೂ ಊರಿನ ಕಡೆ ಹೋಯಿತು. ಯುದ್ಧದಲ್ಲಿ ಸುಮಾರು 250 ಜನ ಬಂಧುಗಳನ್ನು ಕಳೆದುಕೊಂಡಿದ್ದೇನೆ ಎಂದು ಅವರು ಹೇಳುತ್ತಿದ್ದರು. ನಿರಾಶ್ರಿತರ ಶಿಬಿರಗಳಿಗೆ ಹೋಗಿ ಬರುತ್ತಿದ್ದರು, ಅಮೆರಿಕದ ಸಂಸತ್ತಿನ ಸದಸ್ಯರ ಹತ್ತಿರ ಹೋಗಿ ಅಲ್ಲಿನ ಸ್ಥಿತಿ ಹೇಳುತ್ತಿದ್ದರು. ಹೀಗೆ ಕೊಟ್ಟದ್ದು ಒಟ್ಟು 35 ಲಕ್ಷ ಡಾಲರ್ ಎಂಬ ಅಂದಾಜಿದೆ. ಆಡುವುದು ನಿಂತ ಮೇಲೂ ಕೊಡುವುದು ನಿಲ್ಲಲಿಲ್ಲ. ಕೈ ಖಾಲಿಯಾಗುವವರೆಗೂ ಕೊಟ್ಟರು.

ಶಾಂತಿಯ ಮಾತು ನಡೆಯುತ್ತಿದ್ದ 90ರ ದಶಕದ ಕೊನೆಯಲ್ಲಿ ಅವರು ಖಾರ್ತೂಮಿಗೆ ಹೋದರು. ಕ್ರೀಡಾ ಸಚಿವರಾಗಿ ಎಂದು ಕರೆ ಬಂದಿತ್ತು. ಆದರೆ ಧರ್ಮ ಬದಲಿಸಬೇಕೆಂಬ ಷರತ್ತು ಇತ್ತು. ಅವರು ಒಪ್ಪಲಿಲ್ಲ. ಆಮೇಲೆ ದೇಶ ಬಿಡುವುದಕ್ಕೂ ಅನುಮತಿ ಸಿಗಲಿಲ್ಲ. ವರ್ಷಗಟ್ಟಲೆ ಅಲ್ಲೇ ಸಿಕ್ಕಿಕೊಂಡರು. ಅಮೆರಿಕದ ಗೆಳೆಯರು ದುಡ್ಡು ಕೂಡಿಸಿ ಟಿಕೆಟ್ ಕಳಿಸಿದ ಮೇಲೆ ಈಜಿಪ್ಟಿಗೆ ಬಂದು, 2002ರಲ್ಲಿ ಅಮೆರಿಕಕ್ಕೆ ಬಂದರು. ಒಂದು ಕಾಲಕ್ಕೆ ಎನ್‌ಬಿಎ ಆಡಿದ್ದ ಮನುಷ್ಯ ಈ ಸಲ ಬಂದದ್ದು ನಿರಾಶ್ರಿತನಾಗಿ.

ಅದೇ ವರ್ಷ ಟಿವಿಯ ಒಂದು ಬಾಕ್ಸಿಂಗ್ ಕಾರ್ಯಕ್ರಮದಲ್ಲಿ ಅವರು ರಿಂಗಿಗೆ ಇಳಿದರು. ತಮ್ಮ ಸೇವಾ ಸಂಸ್ಥೆಯ ಫೋನ್ ನಂಬರನ್ನು ಪರದೆ ಮೇಲೆ ತೋರಿಸಬೇಕು ಎನ್ನುವುದು ಅವರ ಷರತ್ತು. ಮಂಜಿನ ಮೇಲೆ ಆಡುವ ಹಾಕಿ ತಂಡವೊಂದರ ಅಂಗಿಯನ್ನೂ ತೊಟ್ಟರು. ಕೀಲು ನೋವಿನ ಆ ಮೈಯಲ್ಲಿ ಸ್ಕೇಟ್ ಕಟ್ಟುವುದೂ ಕಷ್ಟವಾಗಿತ್ತು. ಜನ ನಕ್ಕರು. ನಾನು ಆ ಚಿತ್ರಗಳನ್ನು ಈಗ ನೋಡಿದರೂ ನಗು ಬರುವುದಿಲ್ಲ. ನೋಡುವವರು ನನ್ನನ್ನು ನೋಡಲಿ, ಆ ನೆಪದಲ್ಲಿ ಊರಿನ ಮಕ್ಕಳಿಗೆ ನಾಲ್ಕು ಕಾಸು ಬರಲಿ ಎಂದು ಒಬ್ಬ ಮನುಷ್ಯ ತನ್ನ ಎತ್ತರವನ್ನೇ ಮುಂದಿಟ್ಟಿದ್ದರು.

2004ರಲ್ಲಿ ಟ್ಯಾಕ್ಸಿ ಅಪಘಾತವಾಗಿ ಕತ್ತಿನ ಮೂಳೆ ಮುರಿಯಿತು. ಅವರಿಗೆ ಆರೋಗ್ಯ ವಿಮೆಯೂ ಇರಲಿಲ್ಲ. ಚೇತರಿಸಿಕೊಂಡು ಶಾಲೆ ಕಟ್ಟುವ ಕೆಲಸಕ್ಕೆ ಕೈ ಹಾಕಿದರು. ದಕ್ಷಿಣ ಸುಡಾನಿನಲ್ಲಿ 41 ಶಾಲೆ ಎಂಬ ಕನಸು, ಮೊದಲನೆಯದು ತಮ್ಮ ಊರು ತುರಾಲೈಯಲ್ಲಿ. ಕ್ರೈಸ್ತರ ಮಕ್ಕಳೂ ಮುಸ್ಲಿಮರ ಮಕ್ಕಳೂ ಒಟ್ಟಿಗೆ ಕೂರಬೇಕು ಎಂಬುದು ಅವರ ಹಟ. 2010ರಲ್ಲಿ ಅಲ್ಲಿ ಚುನಾವಣೆ. ಪ್ರಚಾರಕ್ಕೆಂದು ಉಳಿದುಕೊಂಡವರು ಕಾಯಿಲೆ ಬಿದ್ದರು. ಜೂನ್ 19ರಂದು ಅಮೆರಿಕದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ವಯಸ್ಸು 47. ಸ್ವಾತಂತ್ರ್ಯಕ್ಕಾಗಿ ಜನ ಮತ ಹಾಕಿದ್ದು ಮುಂದಿನ ಜನವರಿಯಲ್ಲಿ.

ಈಗ ಇನ್ನೊಂದು ಎಳೆ. ಮನೂಟ್ ಎನ್‌ಬಿಎ ಆಡುತ್ತಿದ್ದ ಕಾಲದಲ್ಲೇ ಡಿಂಕಾ ಕುಟುಂಬವೊಂದು ವಾವ್‌ನಿಂದ ತಪ್ಪಿಸಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸೇರಿತ್ತು. ಮನೂಟ್ ಅಲ್ಲಿಗೆ ಬಂದಾಗ ಆ ಮನೆಯ ದೊಡ್ಡ ಹುಡುಗನಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಟ್ಟರು. ಅಣ್ಣನ ಹಿಂದೆ ಪುಟ್ಟ ತಮ್ಮನೂ ಕಲಿತ. ಅವನ ಹೆಸರು ಲುವೋಲ್ ಡೆಂಗ್.

ಡೆಂಗ್ ಕುಟುಂಬಕ್ಕೆ ಬ್ರಿಟನ್ ಆಶ್ರಯ ಕೊಟ್ಟಿತು. ಲುವೋಲ್ ದಕ್ಷಿಣ ಲಂಡನ್ನಿನಲ್ಲಿ ಬೆಳೆದು, 14ನೇ ವಯಸ್ಸಿಗೆ ಅಮೆರಿಕದ ಶಾಲೆಗೆ ಹೋದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ. 2004ರ ಡ್ರಾಫ್ಟಿನಲ್ಲಿ ಏಳನೆಯವರಾಗಿ ಆಯ್ಕೆಯಾಗಿ ಷಿಕಾಗೊ ಬುಲ್ಸ್ ಸೇರಿದರು. ಎರಡು ಸಲ ಆಲ್‌ಸ್ಟಾರ್, ಅಂದರೆ ಲೀಗಿನ ಆಯ್ದ ಆಟಗಾರರ ಪಂದ್ಯಕ್ಕೆ ಆಯ್ಕೆ. ಅಬ್ಬರವಿಲ್ಲದ ಆಟ. ಎದುರಾಳಿಯ ಅತಿ ಒಳ್ಳೇ ಆಟಗಾರನನ್ನು ಇಡೀ ಪಂದ್ಯ ಬೆನ್ನು ಬಿಡದೆ ಕಾಯುವ ಕೆಲಸ ಅವರದ್ದು. 2005ರಲ್ಲೇ ತಮ್ಮ ಹೆಸರಿನ ಪ್ರತಿಷ್ಠಾನ ಶುರು ಮಾಡಿದ್ದರು. 2014ರಲ್ಲಿ ಅವರಿಗೆ ಸಮಾಜಸೇವೆಗೆ ಕೊಡುವ ಜೆ. ವಾಲ್ಟರ್ ಕೆನಡಿ ಪ್ರಶಸ್ತಿ ಬಂತು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೆಂಗ್ ಬ್ರಿಟನ್ ಪರ ಆಡಿದರು. ಅದೇ ಒಲಿಂಪಿಕ್ಸ್‌ನಲ್ಲಿ ಗ್ವೋರ್ ಮರಿಯಲ್ ಎಂಬ ದಕ್ಷಿಣ ಸುಡಾನಿನ ಓಟಗಾರ ಯಾವ ದೇಶದ ಬಾವುಟವೂ ಇಲ್ಲದೆ, ಒಲಿಂಪಿಕ್ ಬಾವುಟದ ಕೆಳಗೆ ಮ್ಯಾರಥಾನ್ ಓಡಿದರು. ದೇಶ ಹುಟ್ಟಿ ಒಂದು ವರ್ಷವಾಗಿತ್ತು, ಒಲಿಂಪಿಕ್ ಸಮಿತಿ ಇನ್ನೂ ಇರಲಿಲ್ಲ. ‘ಯಾರ ತಂಡ’ ಎಂದು ಕೇಳುವವರು ಈ ಇಬ್ಬರನ್ನು ನೆನೆಯಬೇಕು. ತಮ್ಮದು ಅಂತ ಒಂದು ಅಂಗಿ ಇನ್ನೂ ಹೊಲಿದೇ ಇಲ್ಲದಿದ್ದಾಗ ಏನು ತೊಡುತ್ತಾರೆ?

2013ರ ಡಿಸೆಂಬರಿನಲ್ಲಿ ಹೊಸ ದೇಶದೊಳಗೇ ಯುದ್ಧ ಶುರುವಾಯಿತು. 2018ರ ಒಪ್ಪಂದದ ಹೊತ್ತಿಗೆ ಸುಮಾರು 4 ಲಕ್ಷ ಜನ ಸತ್ತಿದ್ದರು ಎಂಬ ಅಂದಾಜಿದೆ. ಸರ್ಕಾರಕ್ಕೆ ಆದಾಯ ಬಹುಪಾಲು ಎಣ್ಣೆಯಿಂದ. ಆ ಎಣ್ಣೆ ಹಡಗು ಸೇರಬೇಕಾದರೆ ಸುಡಾನಿನ ಕೊಳವೆಗಳಲ್ಲೇ ಹರಿಯಬೇಕು. ಅಲ್ಲಿ ಕದನವಾದರೆ ಇಲ್ಲಿ ಸಂಬಳ ನಿಲ್ಲುತ್ತದೆ. ಇಂಥ ಕಡೆ ಆಟಕ್ಕೆ ಹಣ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ, ಅದರ ಸರದಿ ಬರುವುದೇ ಇಲ್ಲ.

2019ರಲ್ಲಿ ಡೆಂಗ್ ನಿವೃತ್ತರಾದರು. ಅದೇ ವರ್ಷದ ಕೊನೆಗೆ ದಕ್ಷಿಣ ಸುಡಾನ್ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದರು. ಖಜಾನೆಯಲ್ಲಿ ಏನೂ ಇರಲಿಲ್ಲ. ವಿಮಾನದ ಟಿಕೆಟ್, ಹೋಟೆಲ್, ಅಭ್ಯಾಸಕ್ಕೆ ಬಾಡಿಗೆ ಕೋರ್ಟ್: ಬಹಳಷ್ಟನ್ನು ಅವರೇ ಕೊಟ್ಟರು. ಅದಕ್ಕಿಂತ ದೊಡ್ಡ ಕೆಲಸ ಹುಡುಗರನ್ನು ಹುಡುಕಿ ಒಪ್ಪಿಸುವುದು. ವೆನ್ಯೆನ್ ಗೇಬ್ರಿಯಲ್ ಖಾರ್ತೂಮಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ನೂನಿ ಓಮೊಟ್ ಕೀನ್ಯಾದಲ್ಲಿ ನಿರಾಶ್ರಿತರ ಮಗನಾಗಿ ಹುಟ್ಟಿದವರು. ಬುಲ್ ಕುವೋಲ್ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಯುದ್ಧ ಯಾವ ಯಾವ ದಿಕ್ಕಿಗೆ ಜನರನ್ನು ಚೆಲ್ಲಿತ್ತೋ ಆ ದಿಕ್ಕುಗಳಿಂದಲೇ ತಂಡ ಬಂತು. ಹೊರಗಿನವರು ಎನ್ನಬಹುದಾದವರು ಒಬ್ಬರೇ, ಅಮೆರಿಕದ ಕಾರ್ಲಿಕ್ ಜೋನ್ಸ್. ಪೌರತ್ವ ಪಡೆದ ಅಂಥ ಒಬ್ಬ ಆಟಗಾರನಿಗೆ ನಿಯಮದಲ್ಲೇ ಅವಕಾಶವಿದೆ. ಕೋಚ್ ಆಗಿ ರಾಯಲ್ ಐವಿ ಬಂದರು. 2021ರಲ್ಲಿ ಮೊದಲ ಸಲ ಆಫ್ರಿಕಾ ಕಪ್ ಆಡಿ ಕ್ವಾರ್ಟರ್ ಫೈನಲ್ ತಲುಪಿದರು.

ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ 12ರಲ್ಲಿ 11 ಗೆದ್ದರು. ಒಂದನ್ನೂ ತವರಿನಲ್ಲಿ ಆಡಿದ್ದಲ್ಲ. ಸೆನೆಗಲ್ ವಿರುದ್ಧ ಗೆದ್ದು ವಿಶ್ವಕಪ್ಪಿಗೆ ಸೀಟು ಖಚಿತ ಮಾಡಿಕೊಂಡದ್ದು 2023ರ ಫೆಬ್ರವರಿ 24ರಂದು. ಊರು ಯಾವುದು ಗೊತ್ತಾ? ಅಲೆಕ್ಸಾಂಡ್ರಿಯಾ. ಡೆಂಗ್ ಚಿಕ್ಕ ಹುಡುಗನಾಗಿ ನಿರಾಶ್ರಿತರ ನಡುವೆ ಬೆಳೆದ ಊರು. ಇದನ್ನು ಬರೆಯುವಾಗಲೂ ನನಗೆ ಮೈ ಜುಂ ಎನ್ನುತ್ತದೆ.

ಅದೇ ವರ್ಷದ ವಿಶ್ವಕಪ್ಪಿನಲ್ಲಿ ಚೀನಾ, ಫಿಲಿಪ್ಪೀನ್ಸ್, ಅಂಗೋಲಾ ತಂಡಗಳನ್ನು ಸೋಲಿಸಿ, ಆಫ್ರಿಕಾದ ತಂಡಗಳಲ್ಲಿ ಮೊದಲಾಗಿ ಪ್ಯಾರಿಸ್ಸಿಗೆ ಟಿಕೆಟ್ ಪಡೆದರು. ಅಲ್ಲಿಂದ ಮುಂದಿನದು ಶುರುವಿನಲ್ಲಿ ಹೇಳಿದ ಕಥೆ. ಒಲಿಂಪಿಕ್ಸ್‌ನಲ್ಲಿ ಅಮೆರಿಕ, ಸರ್ಬಿಯಾಗಳಿಗೆ ಸೋತು ಮೊದಲ ಸುತ್ತಿಗೇ ಹೊರಬಂದರು. ಅವರು ಒಲಿಂಪಿಕ್ಸ್ ಆಡುವಾಗಲೂ ತವರಿನಲ್ಲಿ ಸೂರು ಇರುವ ಒಂದು ಒಳಾಂಗಣ ಕೋರ್ಟ್ ಇರಲಿಲ್ಲ.

ಈ ಕಥೆಯನ್ನು ಎಲ್ಲರೂ ಪವಾಡ ಎಂದು ಬರೆದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಎನ್‌ಬಿಎ ಆಡಿದ ಕಾಂಗೋದ ಡಿಕೆಂಬೆ ಮುಟೊಂಬೊ ನೆನಪಾಗುತ್ತಾರೆ. ಅಮ್ಮನ ಹೆಸರಿನಲ್ಲಿ ಕಿನ್ಶಾಸಾದಲ್ಲಿ 300 ಹಾಸಿಗೆಯ ಆಸ್ಪತ್ರೆ ಕಟ್ಟಿಸಿ, ಅದಕ್ಕೆ ತಮ್ಮ ದುಡ್ಡೇ 1.5 ಕೋಟಿ ಡಾಲರ್ ಸುರಿದರು. ಒಬ್ಬರು ಆಸ್ಪತ್ರೆ, ಒಬ್ಬರು ಶಾಲೆ, ಒಬ್ಬರು ರಾಷ್ಟ್ರೀಯ ತಂಡ. ಮೂರೂ ಸಾಮಾನ್ಯವಾಗಿ ಒಂದು ದೇಶ ತನ್ನ ಜನರಿಗೆ ಮಾಡಿಕೊಡಬೇಕಾದ ಕೆಲಸ, ಅಲ್ವಾ? ಕೊಟ್ಟವರ ಬಗ್ಗೆ ನನಗಿರುವುದು ಗೌರವ ಮಾತ್ರ. ಆದರೆ ಒಬ್ಬನ ಮೊಣಕಾಲು ಗಟ್ಟಿಯಿರುವ ಹತ್ತು ಹನ್ನೆರಡು ವರ್ಷದ ದುಡಿಮೆಯ ಮೇಲೆ ಇಷ್ಟು ಜನರ ಭಾರ ಕೂತರೆ, ಆ ಭಾರ ಹೊತ್ತವನು ಏನಾಗುತ್ತಾನೆ ಎಂಬುದನ್ನು ಮನೂಟ್ ಬೋಲರ ಕೊನೆಯ ಹತ್ತು ವರ್ಷ ತೋರಿಸಿದೆ. ಡೆಂಗ್ ದುಡಿದದ್ದು ಎನ್‌ಬಿಎ ಸಂಬಳ ಬಹಳ ಏರಿದ ಕಾಲದಲ್ಲಿ. ಲೇಕರ್ಸ್ ಜೊತೆಗಿನ ಅವರ ಒಂದೇ ಒಪ್ಪಂದ 7.2 ಕೋಟಿ ಡಾಲರ್‌ನದ್ದು. ಆ ವ್ಯತ್ಯಾಸವೂ ಈ ತಂಡದ ಹಿಂದೆ ಇದೆ.

ಪ್ಯಾರಿಸ್ ತಂಡದ ಕಿರಿಯ, ಖಮಾನ್ ಮಲುವಾಚ್. ಆಗ ವಯಸ್ಸು 17. ದಕ್ಷಿಣ ಸುಡಾನಿನ ರುಂಬೆಕ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಉಗಾಂಡಕ್ಕೆ ಹೋದ ಹುಡುಗ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಒಂದು ಗಂಟೆ ನಡೆದು ಹೋಗುತ್ತಿದ್ದ. ಸೆನೆಗಲ್ಲಿನ ಎನ್‌ಬಿಎ ಅಕಾಡೆಮಿಯಲ್ಲಿ ಕಲಿತು, ಡೆಂಗ್ ಆಡಿದ ಡ್ಯೂಕ್ ವಿಶ್ವವಿದ್ಯಾಲಯವನ್ನೇ ಸೇರಿದ. 2025ರ ಏಪ್ರಿಲ್ 5ರಂದು ಡ್ಯೂಕ್ ತಂಡ ಕಾಲೇಜು ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ ಆಡಿತು. ದಕ್ಷಿಣ ಸುಡಾನ್ ಪಾಸ್‌ಪೋರ್ಟ್ ಇರುವ ಎಲ್ಲರ ವೀಸಾ ರದ್ದು ಮಾಡುತ್ತೇವೆ ಎಂದು ಅಮೆರಿಕ ಹೇಳಿದ್ದೂ ಅದೇ ದಿನ. ಹುಡುಗ ಆ ರಾತ್ರಿ ಆಡಿದ. ಜೂನಿನ ಡ್ರಾಫ್ಟಿನಲ್ಲಿ ಹತ್ತನೆಯವನಾಗಿ ಹೆಸರು ಕರೆದಾಗ ಅವನಿಗೆ ಅಳು ತಡೆಯಲಾಗಲಿಲ್ಲ. ಈಗ ಅವನು ಫೀನಿಕ್ಸ್ ಸನ್ಸ್ ತಂಡದಲ್ಲಿದ್ದಾನೆ.