ಮಂಗ ಸತ್ತ ಸುದ್ದಿಗೆ ನಾವು ಜೀಪು ಹತ್ತುವುದು ಯಾಕೆ

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದು ಬಗೆಯ ಕರೆ ಶುರುವಾಗುತ್ತದೆ. "ಸಾರ್, ನಮ್ಮ ತೋಟದ ಮೇಲ್ಗಡೆ ಒಂದು ಮಂಗ ಸತ್ತು ಬಿದ್ದಿದೆ." ಬಯಲುಸೀಮೆಯ ಗೆಳೆಯರಿಗೆ ಇದು ತಮಾಷೆ. ಮನುಷ್ಯರ ಡಾಕ್ಟರಿಗೆ ಮಂಗದ ಸಾವಿನ ಸುದ್ದಿ ಯಾಕೆ ಅಂತ ನಗುತ್ತಾರೆ. ಮಲೆನಾಡಿನ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು ನಗುವುದಿಲ್ಲ. ಮಂಗನ ಕಾಯಿಲೆಯಲ್ಲಿ, ಅಂದರೆ ಕೆಎಫ್‌ಡಿಯಲ್ಲಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್), ಎಷ್ಟೋ ಸಲ ನಮಗೆ ಸಿಗುವ ಮೊದಲ ರೋಗಿ ಮಂಗವೇ.

1957ರಲ್ಲಿ ಆಗಿದ್ದೂ ಹಾಗೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸುತ್ತಲ ಊರಿನವರಿಗೆ ಜೋರು ಜ್ವರ ಬಂತು. ಹಳದಿ ಜ್ವರ ನಮ್ಮ ದೇಶಕ್ಕೂ ಕಾಲಿಟ್ಟಿತೇ ಎಂಬ ಗಾಬರಿ ಮೊದಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ವೈರಸ್. ಕಾಡಿನ ಹೆಸರೇ ರೋಗಕ್ಕೂ ಅಂಟಿಕೊಂಡಿತು. ಆಮೇಲೆ ಅದು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ.

ಹರಡುವುದು ಉಣುಗಿನಿಂದ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗುಗಳು ಕೆಳಗಿಳಿಯುತ್ತವೆ. ಅಲ್ಲೇ ತರಗೆಲೆಯಲ್ಲಿ ಕೂತು ಮುಂದಿನ ಮೈಗೆ ಕಾಯುತ್ತವೆ. ಹಾಗಾಗಿ ಮಂಗ ಬಿದ್ದ ಜಾಗ ಸುಮ್ನೆ ಒಂದು ಹೆಣದ ಜಾಗವಲ್ಲ. ನಾಳೆ ಯಾರು ಸೊಪ್ಪಿಗೋ ಸೌದೆಗೋ ಅಲ್ಲಿಗೆ ಹೋಗುತ್ತಾರೋ ಅವರ ಕಾಲಿಗೆ ಹತ್ತುವ ರೋಗ ಅಲ್ಲಿರುತ್ತದೆ.

ಕರೆ ಬಂದರೆ ಮೂರು ಇಲಾಖೆ ಹೊರಡಬೇಕು. ಅರಣ್ಯದವರು ಜಾಗ ತೋರಿಸುತ್ತಾರೆ, ಪಶುವೈದ್ಯರು ಹೆಣ ಕೊಯ್ದು ಮಾದರಿ ತೆಗೆಯುತ್ತಾರೆ, ಆಮೇಲೆ ಹೆಣ ಸುಡುತ್ತಾರೆ. ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸುತ್ತೇವೆ. ನಮ್ಮ ಸಿಬ್ಬಂದಿ ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಅದಕ್ಕೆ ಹತ್ತಿದ ಉಣುಗುಗಳನ್ನು ಚಿಮಟದಿಂದ ಎತ್ತಿ ಸೀಸೆಗೆ ಹಾಕಿ ಲ್ಯಾಬಿಗೆ ಕಳಿಸುತ್ತೇವೆ. ಬಿಳಿ ಬಟ್ಟೆ ಯಾಕೆಂದರೆ, ಮನುಷ್ಯರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು. ಎಳ್ಳಿನ ಕಾಳಿಗಿಂತ ದೊಡ್ಡದಿರುವುದಿಲ್ಲ.

ಸತ್ತ ಮಂಗವೆಲ್ಲ ಕೆಎಫ್‌ಡಿ ಮಂಗವಲ್ಲ. ಕರೆಂಟು ತಗುಲಿದ್ದು, ನಾಯಿ ಕಚ್ಚಿದ್ದು, ವಿಷ ತಿಂದಿದ್ದೂ ಇರುತ್ತವೆ. ಆದರೂ ಎಲ್ಲ ಕರೆಗೂ ಹೋಗಬೇಕು. ಒಂದೆರಡು ಸಲ ಸುಳ್ಳೇ ಓಡಾಟ ಅಂತ ನಾವು ಬೇಸರ ತೋರಿಸಿದರೆ ಮೂರನೇ ಸಲ ಆ ಮನುಷ್ಯ ಫೋನ್ ಮಾಡುವುದಿಲ್ಲ.

ಇನ್ನೊಂದು ಕಣ್ಣು ಜ್ವರದ ಮೇಲೆ. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಕೇಳುತ್ತಾಳೆ. ಹಠಾತ್ತನೆ ಜೋರು ಜ್ವರ, ತಲೆ ಸಿಡಿತ, ಸೊಂಟ ಮುರಿದಂತೆ ಮೈಕೈ ನೋವು, ಕೆಂಪು ಕಣ್ಣು. ಇಷ್ಟು ಕಂಡರೆ ರಕ್ತದ ಮಾದರಿ ಹೋಗುತ್ತದೆ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿಪಿಸಿಆರ್, ದಿನ ಕಳೆದ ಮೇಲಾದರೆ ರಕ್ತದಲ್ಲಿನ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಜ್ವರ ಯಾವತ್ತು ಶುರುವಾಯಿತು ಅಂತ ಚೀಟಿಯಲ್ಲಿ ಬರೆಯದಿದ್ದರೆ ಯಾವ ಪರೀಕ್ಷೆ ಮಾಡಬೇಕೆಂದು ಲ್ಯಾಬಿನವರಿಗೆ ತಿಳಿಯದು. ಈ ಒಂದು ದಿನಾಂಕಕ್ಕಾಗಿ ನಾನು ಸಿಬ್ಬಂದಿಗೆ ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಉಪಕೇಂದ್ರ, ಡಾಕ್ಟರು, ಲ್ಯಾಬು, ಮೂರೂ ಕಡೆಯ ಲೆಕ್ಕ ಸರ್ಕಾರದ ರೋಗ ನಿಗಾ ಪೋರ್ಟಲ್‌ಗೆ ಏರುತ್ತದೆ. ಜ್ವರ ಯಾರಿಗೂ ಇಲ್ಲದ ವಾರ ಸೊನ್ನೆ ಅಂತ ತುಂಬಬೇಕು. ಖಾಲಿ ಬಿಟ್ಟರೆ ಜ್ವರ ಇರಲಿಲ್ಲವೋ, ಯಾರೂ ನೋಡಲಿಲ್ಲವೋ ಗೊತ್ತಾಗುವುದಿಲ್ಲ.

ಪಾಸಿಟಿವ್ ಬಂದರೆ ಮನೆಗೆ ಹೋಗಿ ವಿಚಾರಿಸುತ್ತೇವೆ. ನಾನು ಹೊಸಬನಿದ್ದಾಗ ಇಲ್ಲೇ ಎಡವಿದ್ದು. ಎಪ್ಪತ್ತು ದಾಟಿದ ಅಜ್ಜಿಗೆ ಪಾಸಿಟಿವ್ ಬಂದಿತ್ತು. "ಅಜ್ಜಿ, ಕಾಡಿಗೆ ಹೋಗಿದ್ರಾ?" ಅಂತ ಕೇಳಿದೆ. "ಎಂಥ ಕಾಡು ಮಾರಾಯ್ರೆ, ಮೊಣಕಾಲು ನೋವು, ಬಚ್ಚಲಿಗೆ ಹೋಗೋದೇ ಕಷ್ಟ" ಅಂದರು. ಹಾಗಾದರೆ ಲ್ಯಾಬಿನ ತಪ್ಪಿರಬೇಕು ಅಂತ ನಾನು ಎದ್ದೆ. ಜೊತೆಗಿದ್ದ ನಮ್ಮ ಸಿಸ್ಟರ್ ಏಳಲಿಲ್ಲ. "ಕೊಟ್ಟಿಗೆಗೆ ದರಗು ಯಾರು ಹಾಸೋದು ಅಜ್ಜಿ?" ಅಂದರು. ಮಗ ಬೆಟ್ಟದಿಂದ ತಂದು ಹಾಕಿದ ದರಗನ್ನು, ಅಂದರೆ ಒಣ ತರಗೆಲೆಯನ್ನು, ಅಜ್ಜಿಯೇ ದಿನಾ ಕೈಯಲ್ಲಿ ಹರವುತ್ತಿದ್ದರು. ಕಾಡೇ ಅವರ ಮನೆಗೆ ಬಂದಿತ್ತು. ದರಗು ತಂದ ಬೆಟ್ಟ ಹುಡುಕಿ ಹೋದರೆ ಅಲ್ಲಿ ಎರಡು ಮಂಗ ಸತ್ತು ಕೊಳೆತಿದ್ದವು. ಯಾರೂ ಹೇಳಿರಲಿಲ್ಲ. ಅವತ್ತಿನಿಂದ ನನ್ನ ಪ್ರಶ್ನೆ ಬದಲಾಯಿತು. ಕಾಡಿಗೆ ಹೋಗಿದ್ರಾ ಅಂತ ಕೇಳುವುದಿಲ್ಲ. ಹತ್ತು ದಿನದಿಂದ ಬೆಳಗ್ಗೆ ಎದ್ದು ಏನೇನು ಮಾಡಿದಿರಿ ಅಂತ ಕೇಳುತ್ತೇನೆ.

ಒಂದು ತಪ್ಪು ತಿಳಿವಳಿಕೆ ಪ್ರತಿ ವರ್ಷ ಎದುರಾಗುತ್ತದೆ. ಪಾಸಿಟಿವ್ ಬಂದವರ ಮನೆಗೆ ಹಾಲಿನವನೂ ಬರುವುದಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿಲ್ಲ. ಧಾರಾಳವಾಗಿ ಹೋಗಿ ಗಂಜಿ ಕೊಟ್ಟು ಬನ್ನಿ. ಆದರೆ ಆ ಮನೆಯವರು ದರಗು ತಂದ ಬೆಟ್ಟಕ್ಕೆ ಮಾತ್ರ ಹೋಗಬೇಡಿ.

ಈ ರೋಗಕ್ಕೆಂದೇ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ನೀರಿನಂಶ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಹಳೆಯ ಲಸಿಕೆಯ ಬಳಕೆ ನಿಂತಿದೆ, ಹೊಸದು ತಯಾರಾಗುತ್ತಿದೆ. ಅಲ್ಲಿಯವರೆಗೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ, ಮೈ ತುಂಬ ಬಟ್ಟೆ, ಮನೆಗೆ ಬಂದ ಮೇಲೆ ಬಿಸಿನೀರ ಸ್ನಾನ. ಎಣ್ಣೆಯ ಬಾಟಲಿ ಹಂಚುವುದು ಸುಲಭ, ಹಚ್ಚಿಸುವುದು ಕಷ್ಟ. ಅಂಟು ಅಂಟು, ವಾಸನೆ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಕಿಟಕಿಯ ಮೇಲೆ ಹಾಗೇ ಕೂತಿರುವುದನ್ನು ನೋಡಿದ್ದೇನೆ. ಈಗ ನಮ್ಮ ಆಶಾ ಅಕ್ಕಂದಿರು ಬೆಳಗ್ಗೆ ಕೂಲಿಯವರು ಹೊರಡುವ ಹೊತ್ತಿಗೇ ಹೋಗಿ ಎದುರಲ್ಲೇ ಹಚ್ಚಿಸುತ್ತಾರೆ.

ಮಳೆ ಹಿಡಿದ ಮೇಲೆ ಕರೆಗಳು ನಿಲ್ಲುತ್ತವೆ. ಗೋಡೆಯ ಮೇಲಿನ ತಾಲ್ಲೂಕು ನಕ್ಷೆಯಲ್ಲಿ ಆ ವರ್ಷ ಮಂಗ ಸತ್ತ ಕಡೆಯೆಲ್ಲ ಕೆಂಪು ಚುಕ್ಕೆ ಇರುತ್ತದೆ. ಅದನ್ನು ಅಳಿಸುವುದಿಲ್ಲ. ನವೆಂಬರ್‌ನಲ್ಲಿ ಬಿಳಿ ಬಟ್ಟೆ ಹಿಡಿದು ಮೊದಲು ಹೊರಡುವುದು ಆ ಚುಕ್ಕೆಗಳ ಕಡೆಗೇ.